ಬಾಣಕ್ಕೆ ಗರಿ ಯಾಕೆ ಬೇಕು?



ಹೋದ ಬೇಸಿಗೆ ರಜೆಯಲ್ಲಿ ನಾನು ಬಿದಿರಿನ ಬಿಲ್ಲು ಮಾಡಿಕೊಂಡಿದ್ದೆ. ಕೈಗೆ ಸಿಕ್ಕಿದ ಕಡ್ಡಿಯೇ ಬಾಣ. ಗರಿ ಕಟ್ಟಿರಲಿಲ್ಲ. ಹುಣಸೇಮರಕ್ಕೆ ಗುರಿಯಿಟ್ಟು ಬಿಟ್ಟೆ. ಬಾಣ ಅಡ್ಡಡ್ಡ ತಿರುಗಿ, ದೂರದಲ್ಲಿ ಪಕ್ಕಕ್ಕೆ ನಿಂತಿದ್ದ ನನ್ನ ತಮ್ಮನ ಹುಬ್ಬಿಗೆ ಬಡಿಯಿತು. ರಕ್ತ ಬಂತು. "ಒಂದಂಗುಲ ಕೆಳಗೆ ಬಿದ್ದಿದ್ರೆ ಕಣ್ಣೇ ಹೋಗ್ತಿತ್ತಲ್ಲೋ!" ಅಂತ ಅಪ್ಪ ಬಿಲ್ಲು ಮುರಿದು ಒಲೆಗೆ ಹಾಕಿದರು.

ನಾನು ಗುರಿ ಸರಿಯಾಗೇ ಇಟ್ಟಿದ್ದೆ. ಮತ್ತೆ ಬಾಣ ಯಾಕೆ ದಾರಿ ತಪ್ಪಿತು? ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ಹೇಳಿಕೊಟ್ಟಿದ್ದು ಹೀಗಿದೆ.

1. ಗರಿಯ ಕೆಲಸ: ಬಾಣಕ್ಕೆ ಮುಂದೆ ಭಾರ, ಹಿಂದೆ ಗರಿ ಇರಬೇಕು. ಹಾರುವಾಗ ಬಾಲ ಪಕ್ಕಕ್ಕೆ ಸರಿದರೆ ಗಾಳಿಯು ಗರಿಗೆ ಬಡಿದು ಅದನ್ನು ಮತ್ತೆ ನೇರಕ್ಕೆ ತಳ್ಳುತ್ತದೆ. ಗರಿಯನ್ನು ಚೂರು ಓರೆಯಾಗಿ ಅಂಟಿಸಿದರೆ ಬಾಣವು ಬುಗುರಿಯಂತೆ ಸುತ್ತುತ್ತಾ ಸ್ಥಿರವಾಗಿ ಹೋಗುತ್ತದೆ. ಆದರೆ ಗರಿ ತೀರಾ ದೊಡ್ಡದಾದರೆ ಗಾಳಿ ಹಿಡಿದು ವೇಗ ಕಡಿಮೆಯಾಗುತ್ತದೆ. ಮೂರು ಗರಿಗಳೂ ಒಂದೇ ಕಡೆಯ ರೆಕ್ಕೆಯವಾಗಿರಬೇಕು. ಎಡರೆಕ್ಕೆಯ ಗರಿ ಬಾಗುವ ದಿಕ್ಕೇ ಬೇರೆ, ಬಲರೆಕ್ಕೆಯದೇ ಬೇರೆ.

2. ಕಡ್ಡಿಯ ಗುಣ: ಹೆದೆ ಬಿಟ್ಟ ಕೂಡಲೇ ಬಾಣವು ಮೀನಿನಂತೆ ಬಳುಕುತ್ತಾ ಬಿಲ್ಲನ್ನು ಬಳಸಿಕೊಂಡು ಹೋಗುತ್ತದೆ. ಇದು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಎಡಗೈಯಲ್ಲಿ ಬಿಲ್ಲು ಹಿಡಿದು, ಬಿಲ್ಲಿನ ಎಡಕ್ಕೆ ಬಾಣವಿಟ್ಟಾಗ, ಕಡ್ಡಿ ತೀರಾ ಗಡುಸಾಗಿದ್ದರೆ ಗುರಿಯ ಎಡಕ್ಕೆ ಹೋಗುತ್ತದೆ. ತೀರಾ ಮೆತ್ತಗಿದ್ದರೆ ಬಲಕ್ಕೆ ಹೋಗುತ್ತದೆ. ಆದ್ದರಿಂದ ಎಲ್ಲಾ ಬಾಣಗಳ ಗಡುಸುತನ, ತೂಕ ಒಂದೇ ಸಮ ಇರಬೇಕು. ಕಡ್ಡಿಯನ್ನು ಚಪ್ಪಡಿಯ ಮೇಲೆ ಉರುಳಿಸಿ ನೋಡಿ. ಕುಣಿದರೆ ಅದು ಸೊಟ್ಟ ಎಂದು ತಿಳಿಯಿರಿ. ಕೆಂಡದ ಮೇಲೆ ಹದವಾಗಿ ಕಾಯಿಸಿ ನೇರ ಮಾಡಬಹುದು.

ಇದು ಹೊಸ ವಿದ್ಯೆಯಲ್ಲ. 1991ರಲ್ಲಿ ಯುರೋಪಿನ ಆಲ್ಪ್ಸ್ ಪರ್ವತದ ಹಿಮದಲ್ಲಿ ಸುಮಾರು 5300 ವರ್ಷಗಳ ಹಿಂದಿನ ಮನುಷ್ಯನೊಬ್ಬನ ಶವ ಸಿಕ್ಕಿತು. ಅವನ ಬತ್ತಳಿಕೆಯಲ್ಲಿ 14 ಬಾಣಗಳಿದ್ದವು. ಪೂರ್ತಿ ಸಿದ್ಧವಾಗಿದ್ದವು ಎರಡೇ. ಅವಕ್ಕೆ ಮೂರು ಮೂರು ಗರಿಗಳನ್ನು ಅಂಟು ಹಾಕಿ, ದಾರ ಸುತ್ತಿ ಕಟ್ಟಿದ್ದರು!

ಇದನ್ನೆಲ್ಲಾ ಅಪ್ಪನಿಗೆ ಹೇಳಿದೆ. "ನಾನಿದ್ದಾಗ ಮಾತ್ರ ಬಿಡ್ಬೇಕು" ಅಂತ ಒಪ್ಪಿದರು. ಗೂಡಿನಲ್ಲಿ ಉದುರಿದ್ದ ಕೋಳಿಗರಿ ಆರಿಸಿ, ಒಂದೇ ಅಳತೆಯ ಎರಡು ನೇರ ಕಡ್ಡಿ ತಗೊಂಡು, ಒಂದಕ್ಕೆ ಮಾತ್ರ ಗರಿ ಕಟ್ಟಿದೆ. ಎರಡರ ತುದಿಗೂ ಬಟ್ಟೆ ಸುತ್ತಿದೆ. ಇಪ್ಪತ್ತು ಹೆಜ್ಜೆ ದೂರದಿಂದ ಬಿಟ್ಟಾಗ ಗರಿಯಿಲ್ಲದ್ದು ಅಡ್ಡ ಬಿತ್ತು. ಗರಿಯದು ನೆಟ್ಟಗೆ ಹೋಗಿ ಹುಲ್ಲಿನ ಮೂಟೆಗೆ ಬಡಿಯಿತು. ತಮ್ಮ ಅಪ್ಪನ ಹಿಂದೆ ನಿಂತು ಚಪ್ಪಾಳೆ ಹೊಡೆದ.

ನೆನಪಿಡಿ: ಗರಿ ಕಟ್ಟಿದ ಬಾಣವೂ ತಪ್ಪಬಹುದು. ಮುಂದೆಯಾಗಲಿ ಪಕ್ಕದಲ್ಲಾಗಲಿ ಯಾರೂ ಇರಬಾರದು. ನನ್ನ ತಮ್ಮನ ಹುಬ್ಬಿನ ಮೇಲೆ ಗುರುತು ಇನ್ನೂ ಇದೆ.

ನಿಮಗೊಂದು ಪ್ರಶ್ನೆ: ಮಳೆಯಲ್ಲಿ ಗರಿ ನೆನೆದರೆ ಬಾಣ ಹೇಗೆ ಹೋಗುತ್ತದೆ? ಉತ್ತರವನ್ನು ಚೀಟಿಯಲ್ಲಿ ಬರೆದು ಮೇಷ್ಟ್ರಿಗೆ ಕೊಡಿ.

– 8ನೇ ತರಗತಿಯ ವಿದ್ಯಾರ್ಥಿ