ಪಶುವೈದ್ಯರ ನೋಂದಣಿ: ಸಹಿ ಯಾರದು, ಹೊಣೆ ಯಾರದು?

ವಿಮೆ ಮಾಡಿಸಿದ ಹಸುವೊಂದು ಸತ್ತರೆ, ಮನೆಯವರ ಕಣ್ಣೀರು ಆರುವ ಮೊದಲೇ ಕಾಗದಪತ್ರದ ಕೆಲಸ ಆರಂಭವಾಗುತ್ತದೆ. ಕಿವಿಯೋಲೆಯ ಸಂಖ್ಯೆ ತಾಳೆಯಾಗಬೇಕು. ಮರಣೋತ್ತರ ಪರೀಕ್ಷೆಯ ವರದಿಯ ಕೆಳಗೆ ನೋಂದಾಯಿತ ಪಶುವೈದ್ಯರ ಸಹಿ ಇರಬೇಕು. ಹತ್ತಾರು ವರ್ಷಗಳಿಂದ ಊರಿನ ರಾಸುಗಳಿಗೆ ಸೂಜಿಮದ್ದು ಕೊಡುತ್ತ ಬಂದು, ಎಲ್ಲರಿಂದಲೂ ‘ದನದ ಡಾಕ್ಟರು’ ಎಂದು ಕರೆಸಿಕೊಳ್ಳುವ ವ್ಯಕ್ತಿ ಮರುಕದಿಂದ ಬರೆದುಕೊಟ್ಟ ಚೀಟಿಗೆ ಅಲ್ಲಿ ಬೆಲೆಯಿಲ್ಲ. ಹಸುವೂ ಹೋಯಿತು, ವಿಮೆಯೂ ಹೋಯಿತು ಎಂದು ರೈತ ಕೊನೆಗೆ ಬಂದು ನಿಲ್ಲುವುದು ಗ್ರಾಮ ಪಂಚಾಯಿತಿ ಸದಸ್ಯರ ಮುಂದೆ. ಆ ಹೊತ್ತಿಗೆ ಸದಸ್ಯರು ಮಾಡಬಹುದಾದದ್ದು ಬಹಳ ಕಡಿಮೆ. ಕಳೇಬರವನ್ನು ಹೂಳುವ ಮೊದಲು ಯಾರನ್ನು ಕರೆಸಬೇಕಿತ್ತು ಎಂಬುದು ಊರಿಗೆ ತಿಳಿದಿದ್ದರೆ ಮಾತ್ರ ಉಪಯೋಗ. ಆ ತಿಳಿವಳಿಕೆಯ ಮೂಲ ಭಾರತೀಯ ಪಶುವೈದ್ಯಕೀಯ ಪರಿಷತ್ತು ಕಾಯ್ದೆ, 1984ರಲ್ಲಿದೆ.

ಜಾನುವಾರುಗಳ ಸಂರಕ್ಷಣೆ, ಪ್ರಾಣಿರೋಗಗಳ ತಡೆ, ಪಶುವೈದ್ಯಕೀಯ ತರಬೇತಿ ಮತ್ತು ವೃತ್ತಿ ಇವು ಸಂವಿಧಾನದ ಏಳನೇ ಅನುಸೂಚಿಯ ರಾಜ್ಯಪಟ್ಟಿಗೆ ಸೇರಿದ ವಿಷಯಗಳು. ಆದ್ದರಿಂದ ಸಂಸತ್ತು ತಾನಾಗಿಯೇ ಈ ಕಾಯ್ದೆಯನ್ನು ಮಾಡುವಂತಿರಲಿಲ್ಲ. ಕೆಲವು ರಾಜ್ಯಗಳ ವಿಧಾನಮಂಡಲಗಳು ಕೋರಿ ನಿರ್ಣಯ ಕೈಗೊಂಡ ಮೇಲೆ, 252ನೇ ಅನುಚ್ಛೇದದ ಅಡಿಯಲ್ಲಿ ಕಾಯ್ದೆ ರೂಪುಗೊಂಡಿತು. ಇತರ ರಾಜ್ಯಗಳು ನಂತರ ಅದನ್ನು ಅಳವಡಿಸಿಕೊಂಡವು. ಕರ್ನಾಟಕದಲ್ಲಿಯೂ ಇದೇ ಕಾಯ್ದೆ ಜಾರಿಯಲ್ಲಿದೆ.

ಕಾಯ್ದೆಯು ಎರಡು ಹಂತದ ವ್ಯವಸ್ಥೆಯನ್ನು ಏರ್ಪಡಿಸಿದೆ. ರಾಷ್ಟ್ರಮಟ್ಟದಲ್ಲಿ ಭಾರತೀಯ ಪಶುವೈದ್ಯಕೀಯ ಪರಿಷತ್ತು, ರಾಜ್ಯಮಟ್ಟದಲ್ಲಿ ರಾಜ್ಯ ಪರಿಷತ್ತು. ರಾಷ್ಟ್ರೀಯ ಪರಿಷತ್ತಿನ 11 ಸದಸ್ಯರನ್ನು ನೋಂದಾಯಿತ ಪಶುವೈದ್ಯರೇ ಚುನಾಯಿಸುತ್ತಾರೆ. ಉಳಿದವರು ನಾಮನಿರ್ದೇಶಿತರು ಅಥವಾ ಪದನಿಮಿತ್ತ ಸದಸ್ಯರು. ಪಶುವೈದ್ಯಕೀಯ ಪದವಿಯ ಪಠ್ಯಕ್ರಮ, ಕಾಲೇಜಿನಲ್ಲಿ ಇರಬೇಕಾದ ಬೋಧಕರು, ಆಸ್ಪತ್ರೆ ಮತ್ತು ಜಾನುವಾರು ಕ್ಷೇತ್ರ ಇವುಗಳ ಕನಿಷ್ಠ ಮಟ್ಟವನ್ನು ಗೊತ್ತುಪಡಿಸುವುದು, ಕಾಲೇಜುಗಳನ್ನು ಪರಿಶೀಲಿಸುವುದು ಇದರ ಕೆಲಸ. ಈಗಿನ ಪದವಿ ವ್ಯಾಸಂಗ ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ್ದು. ಪದವಿ ಪಡೆದವರು ರಾಜ್ಯ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡು, ಕಾಲಕಾಲಕ್ಕೆ ಅದನ್ನು ನವೀಕರಿಸಿಕೊಳ್ಳಬೇಕು. ಎಲ್ಲ ರಾಜ್ಯಗಳ ಹೆಸರುಗಳನ್ನು ಕೂಡಿಸಿದ ರಾಷ್ಟ್ರೀಯ ದಾಖಲೆಯನ್ನು ಭಾರತೀಯ ಪರಿಷತ್ತು ಇಟ್ಟುಕೊಂಡಿರುತ್ತದೆ.

ಪರಿಷತ್ತು ಆಸ್ಪತ್ರೆಗಳನ್ನು ನಡೆಸುವುದಿಲ್ಲ, ವೈದ್ಯರನ್ನು ವರ್ಗಾಯಿಸುವುದಿಲ್ಲ, ಖಾಲಿ ಹುದ್ದೆಗಳನ್ನು ತುಂಬುವುದಿಲ್ಲ. ಅವೆಲ್ಲ ಪಶುಪಾಲನಾ ಮತ್ತು ಪಶುವೈದ್ಯ ಸೇವಾ ಇಲಾಖೆಯ ಹೊಣೆ. ಗ್ರಾಮಸಭೆಗಳಲ್ಲಿ ಈ ಎರಡನ್ನೂ ಬೆರೆಸಿ ಮಾತನಾಡುವುದರಿಂದ ಅರ್ಜಿಗಳು ತಪ್ಪು ಬಾಗಿಲು ತಟ್ಟಿ ಹಿಂದಿರುಗುತ್ತವೆ.

ಕಾಯ್ದೆಯ 30ನೇ ಪ್ರಕರಣ

ಗ್ರಾಮ ಪಂಚಾಯಿತಿಗೆ ನೇರವಾಗಿ ಸಂಬಂಧಿಸಿದ ಭಾಗವಿದು. ನೋಂದಾಯಿತ ಪಶುವೈದ್ಯರಲ್ಲದ ಯಾರೂ ಸರ್ಕಾರದಲ್ಲಾಗಲಿ, ಸ್ಥಳೀಯ ಪ್ರಾಧಿಕಾರವು ನಡೆಸುವ ಸಂಸ್ಥೆಯಲ್ಲಾಗಲಿ ಪಶುವೈದ್ಯರ ಅಥವಾ ಅಂತಹ ಹುದ್ದೆಯನ್ನು ಹೊಂದುವಂತಿಲ್ಲ. ಪಶುವೈದ್ಯ ವೃತ್ತಿಯನ್ನು ನಡೆಸುವಂತಿಲ್ಲ. ಅರ್ಹ ಪಶುವೈದ್ಯರೇ ಸಹಿ ಮಾಡಬೇಕೆಂದು ಕಾನೂನು ಹೇಳುವ ಪ್ರಮಾಣಪತ್ರಗಳಿಗೆ ಸಹಿ ಮಾಡುವಂತಿಲ್ಲ. ನ್ಯಾಯಾಲಯದಲ್ಲಿ ಪಶುವೈದ್ಯಕೀಯ ವಿಷಯದ ತಜ್ಞರಾಗಿ ಸಾಕ್ಷ್ಯ ನುಡಿಯುವಂತಿಲ್ಲ. ‘ಸ್ಥಳೀಯ ಪ್ರಾಧಿಕಾರ’ ಎಂಬ ಮಾತಿನಲ್ಲಿ ಪಂಚಾಯಿತಿಯೂ ಅಡಕವಾಗಿದೆ ಎಂಬುದನ್ನು ಸದಸ್ಯರು ವಿಶೇಷವಾಗಿ ಗಮನಿಸಬೇಕು. ಜನರಿಗೆ ಅನುಕೂಲವಾಗಲೆಂಬ ಸದುದ್ದೇಶದಿಂದಲೇ ಆದರೂ, ನೋಂದಣಿಯಿಲ್ಲದ ವ್ಯಕ್ತಿಯನ್ನು ಪಶುವೈದ್ಯರ ಕೆಲಸಕ್ಕೆ ನೇಮಿಸುವ ಠರಾವು ಕಾಯ್ದೆಗೆ ವಿರುದ್ಧವಾಗುತ್ತದೆ.

ಇದೇ ಪ್ರಕರಣದಲ್ಲಿ ಒಂದು ವಿನಾಯಿತಿಯೂ ಉಂಟು, ಹಳ್ಳಿಗಳ ಮಟ್ಟಿಗೆ ಅದು ಬಹಳ ಮುಖ್ಯ. ಪಶುಪಾಲನಾ ನಿರ್ದೇಶನಾಲಯ ಅಥವಾ ಪಶುವೈದ್ಯಕೀಯ ಸಂಸ್ಥೆ ನೀಡಿದ ಡಿಪ್ಲೊಮಾ ಅಥವಾ ಪ್ರಮಾಣಪತ್ರ ಹೊಂದಿದ ಸಿಬ್ಬಂದಿಗೆ, ನೋಂದಾಯಿತ ಪಶುವೈದ್ಯರ ಮೇಲ್ವಿಚಾರಣೆ ಮತ್ತು ನಿರ್ದೇಶನದಲ್ಲಿ ‘ಕಿರು ಪಶುವೈದ್ಯಕೀಯ ಸೇವೆ’ ನೀಡಲು ರಾಜ್ಯ ಸರ್ಕಾರ ಆದೇಶದ ಮೂಲಕ ಅನುಮತಿ ಕೊಡಬಹುದು. ಲಸಿಕೆ ಹಾಕುವುದು, ಬೀಜ ಒಡೆಯುವುದು, ಗಾಯಕ್ಕೆ ಮದ್ದು ಕಟ್ಟುವುದು ಮುಂತಾದ ಪ್ರಾಥಮಿಕ ನೆರವನ್ನು ಕಾಯ್ದೆಯೇ ಉದಾಹರಿಸಿದೆ. ಇನ್ನಾವ ಸೇವೆಗಳು ಇದರಲ್ಲಿ ಸೇರಬೇಕೆಂಬುದನ್ನು ರಾಜ್ಯ ಸರ್ಕಾರ ರಾಜ್ಯಪತ್ರದಲ್ಲಿ ಪ್ರಕಟಿಸಬಹುದು. ಆದ್ದರಿಂದ ಕಾಲುಬಾಯಿ ರೋಗದ ಲಸಿಕೆ ಹಾಕಲು ಮನೆಮನೆಗೆ ಬರುವ ಇಲಾಖೆಯ ಸಿಬ್ಬಂದಿಯನ್ನು ‘ನೀವು ಡಾಕ್ಟರಲ್ಲ’ ಎಂದು ತಡೆಯುವುದು ತಪ್ಪು. ಮೇಲ್ವಿಚಾರಣೆ ಎಂಬ ಪದವನ್ನು ಮರೆತು, ಅದೇ ಸಿಬ್ಬಂದಿಯಿಂದ ಶಸ್ತ್ರಚಿಕಿತ್ಸೆ ಬಯಸುವುದು ಅದಕ್ಕಿಂತ ದೊಡ್ಡ ತಪ್ಪು. ಪಶುಸಖಿಯರು ಮತ್ತು ಕೃತಕ ಗರ್ಭಧಾರಣೆ ಕಾರ್ಯಕರ್ತರು ತಮ್ಮ ತಮ್ಮ ಕೆಲಸಕ್ಕೆ ತರಬೇತಿ ಪಡೆದವರು. ಆ ತರಬೇತಿ ಅವರನ್ನು ಪಶುವೈದ್ಯರನ್ನಾಗಿ ಮಾಡುವುದಿಲ್ಲ.

ನೋಂದಣಿ ಏಕೆ ಬೇಕು?

ಇದನ್ನು ಬರಿಯ ಕಾಗದದ ಕಟ್ಟುಪಾಡು ಎಂದು ಭಾವಿಸುವವರು ಹಾಲು ಜ್ವರದ ಉದಾಹರಣೆಯನ್ನು ನೋಡಬಹುದು. ಕರು ಹಾಕಿದ ಒಂದೆರಡು ದಿನಗಳಲ್ಲಿ ಹೆಚ್ಚು ಹಾಲಿನ ಹಸು ರಕ್ತದಲ್ಲಿ ಸುಣ್ಣದಂಶ ಕಡಿಮೆಯಾಗಿ ಕುಸಿದು ಮಲಗುತ್ತದೆ. ರಕ್ತನಾಳಕ್ಕೆ ಕ್ಯಾಲ್ಸಿಯಂ ದ್ರಾವಣ ಕೊಟ್ಟರೆ ನೋಡುತ್ತಿದ್ದಂತೆಯೇ ಎದ್ದು ನಿಲ್ಲುವುದುಂಟು. ನೋಡುವವರಿಗೆ ಇದು ಸುಲಭದ ವಿದ್ಯೆಯೆನಿಸುತ್ತದೆ. ಆದರೆ ಅದೇ ದ್ರಾವಣ ವೇಗವಾಗಿ ಹರಿದರೆ ಹೃದಯದ ಬಡಿತ ನಿಂತು ಹಸು ಅಲ್ಲಿಯೇ ಸಾಯುತ್ತದೆ. ಆದ್ದರಿಂದ ವೈದ್ಯರು ಹೃದಯದ ಬಡಿತವನ್ನು ಆಲಿಸುತ್ತಲೇ ನಿಧಾನವಾಗಿ ದ್ರಾವಣ ಬಿಡುತ್ತಾರೆ. ಬಾಟಲಿ ಏರಿಸುವುದನ್ನು ಯಾರು ಬೇಕಾದರೂ ಕಲಿಯಬಹುದು, ಯಾವಾಗ ನಿಲ್ಲಿಸಬೇಕೆಂಬುದನ್ನು ಕಲಿಯಲು ವರ್ಷಗಳು ಬೇಕು.

ನೆರಡಿ ರೋಗದಲ್ಲಿ ಅಪಾಯ ಮನುಷ್ಯರಿಗೂ ತಗಲುತ್ತದೆ. ಆರೋಗ್ಯವಾಗಿದ್ದ ರಾಸು ಹಠಾತ್ತನೆ ಸತ್ತು, ಮೂಗು, ಬಾಯಿ, ಗುದದ್ವಾರಗಳಿಂದ ಹೆಪ್ಪುಗಟ್ಟದ ರಕ್ತ ಒಸರುತ್ತಿದ್ದರೆ ಆ ಕಳೇಬರವನ್ನು ಕೊಯ್ಯಲೇಬಾರದು. ಕೊಯ್ದರೆ ರೋಗಾಣುಗಳು ಗಾಳಿಗೆ ತೆರೆದುಕೊಂಡು ಬೀಜಕಗಳಾಗುತ್ತವೆ. ಆ ಬೀಜಕಗಳು ಮಣ್ಣಿನಲ್ಲಿ ದಶಕಗಳ ಕಾಲ ಬದುಕಿರುತ್ತವೆ. ತರಬೇತಿ ಪಡೆದ ವೈದ್ಯರು ಇಂತಹ ಕಳೇಬರವನ್ನು ತೆರೆಯದೆ, ರಕ್ತದ ಲೇಪನವನ್ನಷ್ಟೇ ಪರೀಕ್ಷೆಗೆ ತೆಗೆದು, ಸುಣ್ಣ ಹಾಕಿ ಆಳವಾಗಿ ಹೂಳಿಸುತ್ತಾರೆ. ವಿಮೆಯ ಆತುರದಲ್ಲಿ ಅನರ್ಹರಿಂದ ‘ಪೋಸ್ಟ್‌ಮಾರ್ಟಂ’ ಮಾಡಿಸಿದ ಜಾಗ ಮುಂದೆ ಮೇಯಲು ಬರುವ ದನಗಳಿಗೂ ಮೃತ್ಯುಸ್ಥಾನವಾಗಬಹುದು.

ಔಷಧಿಯ ವಿಷಯವೂ ಹೀಗೆಯೇ. ಕೆಚ್ಚಲು ಬಾವಿಗೆ ಪ್ರತಿಜೀವಕ ಕೊಟ್ಟ ಮೇಲೆ ಗೊತ್ತಾದ ಅವಧಿಯವರೆಗೆ ಆ ಹಾಲನ್ನು ಡೇರಿಗೆ ಹಾಕಬಾರದು. ಎಷ್ಟು ದಿನ ಎಂಬುದನ್ನು ಹೇಳಬೇಕಾದವರು ಔಷಧಿ ಬರೆದವರು. ನೋವುನಿವಾರಕ ಡೈಕ್ಲೋಫೆನಾಕ್‌ನ ಕಥೆ ಇನ್ನೂ ಕಠೋರವಾದದ್ದು. ಅದನ್ನು ಕೊಟ್ಟ ದನ ಸತ್ತರೆ, ಮಾಂಸ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆ ಎಂಬುದು ದೃಢಪಟ್ಟ ಮೇಲೆ, 2006ರಲ್ಲಿ ಪಶುಚಿಕಿತ್ಸೆಗೆ ಅದರ ಬಳಕೆಯನ್ನು ನಿಷೇಧಿಸಲಾಯಿತು. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರುವ ರಣಹದ್ದುಗಳ ಅಳಿವು ಉಳಿವು ಸುತ್ತಲಿನ ಕೊಟ್ಟಿಗೆಗಳಲ್ಲಿ ಯಾವ ಸೂಜಿಮದ್ದು ಬಳಕೆಯಾಗುತ್ತದೆ ಎಂಬುದನ್ನೂ ಅವಲಂಬಿಸಿದೆ.

ಹಾಗೆಂದು, ನೋಂದಣಿಯಿಲ್ಲದವರನ್ನು ಊರಿನಿಂದ ಅಟ್ಟಿಬಿಟ್ಟರೆ ಎಲ್ಲವೂ ಸರಿಹೋಗುತ್ತದೆ ಎನ್ನುವಂತಿಲ್ಲ. ನಡುರಾತ್ರಿಯಲ್ಲಿ ಎಮ್ಮೆಯ ಹೆರಿಗೆ ಕಷ್ಟವಾದಾಗ ಬಾಗಿಲಿಗೆ ಬರುವವರು ಅವರೇ ಆಗಿರುತ್ತಾರೆ. ಆಸ್ಪತ್ರೆ ದೂರವಿದ್ದು, ವೈದ್ಯರ ಹುದ್ದೆ ಖಾಲಿಯಿದ್ದ ಕಡೆ ರೈತನಿಗೆ ಬೇರೆ ದಾರಿ ಕಾಣುವುದಿಲ್ಲ. ಪಂಚಾಯಿತಿ ಈ ಕೊರತೆಯನ್ನು ಮೊದಲು ಒಪ್ಪಿಕೊಳ್ಳಬೇಕು. 1962 ಸಂಖ್ಯೆಗೆ ಕರೆ ಮಾಡಿದರೆ ಬರುವ ಸಂಚಾರಿ ಪಶುಚಿಕಿತ್ಸಾ ವಾಹನದ ವಿಷಯ ಅನೇಕ ಹಳ್ಳಿಗಳಲ್ಲಿ ಇನ್ನೂ ಗೋಡೆಬರಹದ ಮಟ್ಟಕ್ಕೂ ತಲುಪಿಲ್ಲ. ಪಂಚಾಯಿತಿ ಕಚೇರಿ, ಹಾಲಿನ ಡೇರಿ, ನ್ಯಾಯಬೆಲೆ ಅಂಗಡಿಗಳ ಮುಂದೆ ಆ ಸಂಖ್ಯೆಯನ್ನೂ ಹತ್ತಿರದ ಪಶು ಆಸ್ಪತ್ರೆಯ ವೈದ್ಯರ ಹೆಸರನ್ನೂ ಬರೆಸಲು ಹೆಚ್ಚಿನ ವೆಚ್ಚವೇನೂ ಆಗದು. ಹುದ್ದೆ ಖಾಲಿಯಿದ್ದರೆ ಗ್ರಾಮಸಭೆಯ ಠರಾವನ್ನು ತಾಲ್ಲೂಕಿನ ಸಹಾಯಕ ನಿರ್ದೇಶಕರ ಮೂಲಕ ಜಿಲ್ಲೆಯ ಉಪನಿರ್ದೇಶಕರಿಗೆ ಕಳುಹಿಸಬೇಕು. ಪಶುಸಂಗೋಪನೆ, ಹೈನುಗಾರಿಕೆ ಮತ್ತು ಕೋಳಿ ಸಾಕಣೆ ಸಂವಿಧಾನದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ಸೇರಿದ ವಿಷಯವಾಗಿರುವುದರಿಂದ, ಈ ಕೋರಿಕೆ ಸಲ್ಲಿಸುವುದು ಸದಸ್ಯರ ಕರ್ತವ್ಯವೇ ಸರಿ.

ಪಂಚಾಯಿತಿಯೇ ಕೆಲಸ ವಹಿಸಿಕೊಡುವಾಗ

ಬೀದಿನಾಯಿಗಳ ಸಂತಾನಹರಣದಲ್ಲಿ ಈ ಪ್ರಶ್ನೆ ಈಗ ಮೇಲಿಂದ ಮೇಲೆ ಏಳುತ್ತಿದೆ. ಪ್ರಾಣಿ ಜನನ ನಿಯಂತ್ರಣ ನಿಯಮಗಳು, 2023ರ ಪ್ರಕಾರ ಈ ಕೆಲಸದ ಹೊಣೆ ಸ್ಥಳೀಯ ಸಂಸ್ಥೆಗಳದು. ಇದು ಅರಿವಳಿಕೆ ಕೊಟ್ಟು ಹೊಟ್ಟೆ ತೆರೆದು ಮಾಡುವ ಶಸ್ತ್ರಚಿಕಿತ್ಸೆ. ಕಿರು ಸೇವೆಯ ವ್ಯಾಪ್ತಿಗೆ ಬಾರದು. ಗುತ್ತಿಗೆ ಕೊಡುವ ಮುನ್ನ, ಶಸ್ತ್ರಚಿಕಿತ್ಸೆ ಮಾಡುವ ವೈದ್ಯರ ರಾಜ್ಯ ಪರಿಷತ್ತಿನ ನೋಂದಣಿ ಪತ್ರ ಮತ್ತು ಅದು ನವೀಕರಣವಾಗಿದೆಯೇ ಎಂಬುದನ್ನು ಕಡತದಲ್ಲಿ ಇರಿಸಿಕೊಳ್ಳಬೇಕು. ಸಂಸ್ಥೆಯ ಹೆಸರು ದೊಡ್ಡದಾಗಿದ್ದರೆ ಸಾಲದು, ಚಾಕು ಹಿಡಿಯುವವರ ಹೆಸರು ಬೇಕು. ದನದ ಜಾತ್ರೆಗಳ ವಿಷಯದಲ್ಲಿಯೂ ಇದೇ ಎಚ್ಚರ ಅಗತ್ಯ. ರಾಸುಗಳನ್ನು ವಾಹನದಲ್ಲಿ ಸಾಗಿಸಲು, ಪ್ರಯಾಣಕ್ಕೆ ಯೋಗ್ಯವೆಂಬ ಪ್ರಮಾಣಪತ್ರ ಅರ್ಹ ಪಶುವೈದ್ಯರಿಂದಲೇ ಬರಬೇಕು.

ಪ್ರಮಾಣಪತ್ರದ ಮಾತು ಬಂದಾಗ ಸದಸ್ಯರು ತಮ್ಮ ಕಡೆಗೂ ನೋಡಿಕೊಳ್ಳುವುದು ಒಳ್ಳೆಯದು. ‘ನಮ್ಮವರ ಹಸು, ಸ್ವಲ್ಪ ಬರೆದುಕೊಡಿ’ ಎಂದು ದೂರವಾಣಿ ಮಾಡುವ ವಾಡಿಕೆ ಇಲ್ಲವೆನ್ನಲಾಗದು. ಪಶುವೈದ್ಯರ ವೃತ್ತಿ ನಡತೆಯ ಕುರಿತು ಭಾರತೀಯ ಪರಿಷತ್ತು 1992ರಲ್ಲಿ ನಿಯಮಾವಳಿ ರೂಪಿಸಿದೆ. ಕಣ್ಣಾರೆ ನೋಡದ ರಾಸಿಗೆ ಸುಳ್ಳು ಪ್ರಮಾಣಪತ್ರ ಬರೆದ ವೈದ್ಯರು ವಿಚಾರಣೆ ಎದುರಿಸಬೇಕಾಗುತ್ತದೆ. ತಪ್ಪು ಸಾಬೀತಾದರೆ ಅವರ ಹೆಸರನ್ನು ದಾಖಲೆಯಿಂದ ತೆಗೆದುಹಾಕಲು ಅವಕಾಶವಿದೆ. ಹೆಸರು ಹೋದರೆ ವೃತ್ತಿಯೇ ಹೋದಂತೆ. ಸದಸ್ಯರ ಒಂದು ಕರೆಗೆ ಇಷ್ಟು ಬೆಲೆ ತೆರಬೇಕಾದವರು ಇಡೀ ಹೋಬಳಿಗೆ ಒಬ್ಬರೇ ವೈದ್ಯರಾಗಿರಲೂಬಹುದು.

ದೂರು ಕೊಡುವವರಿಗೆ ದಾರಿ ತಿಳಿಸುವಾಗ ಹೀಗೆ ವಿಂಗಡಿಸಿಕೊಳ್ಳಬಹುದು. ನೋಂದಾಯಿತ ವೈದ್ಯರ ವೃತ್ತಿ ನಡತೆಯ ಬಗೆಗಿನ ದೂರು ಬೆಂಗಳೂರಿನಲ್ಲಿರುವ ರಾಜ್ಯ ಪರಿಷತ್ತಿಗೆ ಹೋಗಬೇಕು. ಸರ್ಕಾರಿ ವೈದ್ಯರು ಆಸ್ಪತ್ರೆಗೆ ಬರುವುದಿಲ್ಲ ಎಂಬಂತಹ ಆಡಳಿತದ ದೂರು ಇಲಾಖೆಗೆ. ನೋಂದಣಿಯಿಲ್ಲದೆ ವೃತ್ತಿ ನಡೆಸುವುದು, ನೋಂದಾಯಿತನೆಂದು ಸುಳ್ಳು ಹೇಳಿಕೊಳ್ಳುವುದು ಕಾಯ್ದೆಯಡಿ ದಂಡನೀಯ ಅಪರಾಧಗಳು. ಅಂತಹ ಸಂಗತಿಯನ್ನು ಸಹಾಯಕ ನಿರ್ದೇಶಕರಿಗೆ ಲಿಖಿತವಾಗಿ ತಿಳಿಸಬೇಕು. ದೂರಿನಲ್ಲಿ ದಿನಾಂಕ, ರಾಸಿನ ಕಿವಿಯೋಲೆ ಸಂಖ್ಯೆ, ಕೊಟ್ಟ ಔಷಧಿಯ ಹೆಸರು ಇರಲಿ; ಖಾಲಿ ಬಾಟಲಿ ಮತ್ತು ಬರೆದುಕೊಟ್ಟ ಚೀಟಿಯನ್ನು ಎಸೆಯದೆ ಇಟ್ಟುಕೊಳ್ಳುವಂತೆ ರೈತರಿಗೆ ಹೇಳಬೇಕು.