ಚಳಿಜ್ವರವೂ ಮೆದುಳೂ

ಚಳಿಜ್ವರವು ನಮ್ಮ ಸೀಮೆಗೆ ಹೊಸದಲ್ಲ. ಸಿಂಧನೂರು, ಲಿಂಗಸುಗೂರು, ಮಸ್ಕಿ ಪ್ರಾಂತದ ತಾಯಂದಿರು ಅದರ ನಡೆಯನ್ನು ಬಹುಕಾಲದಿಂದ ಬಲ್ಲರು: ಮೊದಲು ನಡುಕ, ಬಳಿಕ ಸುಡುವ ಕಾವು, ಕಡೆಗೆ ಬೆವರು. ಆದರೆ ಈ ಜ್ವರವು ಕೆಲವು ವೇಳೆ ಮೆದುಳಿಗೇರುವುದೆಂಬುದನ್ನೂ, ಆಗ ಒಂದೊಂದು ಗಳಿಗೆಯೂ ಅಮೂಲ್ಯವೆಂಬುದನ್ನೂ ಅರಿತವರು ಕಡಮೆ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರೂ ಉಪಾಧ್ಯಾಯಿನಿಯರೂ ದಾದಿಯರೂ ಆಗಿದ್ದಾರೆ. ಅವರಿಗೂ ಪೋಷಕರಿಗೂ ಪ್ರಯೋಜನವಾಗಲೆಂದು ಈ ವಿಷಯವನ್ನು ಇಲ್ಲಿ ಸಂಗ್ರಹವಾಗಿ ತಿಳಿಸುತ್ತೇವೆ.

ರೋಗದ ಮೂಲ

ಮಲೇರಿಯಾ ಎಂಬ ಹೆಸರಿನ ಅರ್ಥವು ‘ಕೆಟ್ಟ ಗಾಳಿ’ ಎಂದು. ಈ ಹಳೆಯ ನಂಬಿಕೆ ಮುರಿದುಬಿದ್ದದ್ದು 1897ನೆಯ ಇಸವಿ ಆಗಸ್ಟ್ 20ರಂದು. ಆ ದಿನ ಸಿಕಂದರಾಬಾದಿನಲ್ಲಿ ಡಾಕ್ಟರ್ ರೊನಾಲ್ಡ್ ರಾಸ್ ಎಂಬವರು ಸೊಳ್ಳೆಯ ಹೊಟ್ಟೆಯಲ್ಲಿ ಈ ರೋಗದ ಸೂಕ್ಷ್ಮಜೀವಿಯನ್ನು ಕಂಡರು. ನಮ್ಮ ಈ ಮೂರು ಊರುಗಳೂ ಆಗ ಅದೇ ನಿಜಾಮರ ರಾಜ್ಯದಲ್ಲಿದ್ದವು.

ರೋಗವನ್ನು ಹರಡುವುದು ಅನಾಫಿಲೀಸ್ ಜಾತಿಯ ಹೆಣ್ಣು ಸೊಳ್ಳೆ. ಅದು ರಾತ್ರಿಯಲ್ಲಿ ಕಚ್ಚುತ್ತದೆ. ನಿಂತ ನೀರಿನಲ್ಲಿಯೂ, ಮೆಲ್ಲಗೆ ಹರಿಯುವ ಕಾಲುವೆಯ ಅಂಚಿನಲ್ಲಿಯೂ ಮೊಟ್ಟೆಯಿಡುತ್ತದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ತರುವಾಯ ಎಡದಂಡೆ ಕಾಲುವೆಯು ಸಿಂಧನೂರಿನ ಒಣನೆಲವನ್ನು ಬತ್ತದ ನಾಡನ್ನಾಗಿ ಮಾಡಿತು; ಲಿಂಗಸುಗೂರಿನ ಕಡೆಗೆ ನಾರಾಯಣಪುರದಿಂದ ಕೃಷ್ಣೆಯ ನೀರು ಬಂದಿತು. ಈ ನೀರು ದೇವರ ವರವೇ ಸರಿ. ಆದರೆ ಕಾಲುವೆಯ ಸೋರಿಕೆಯಿಂದ ತುಂಬಿದ ಗುಂಡಿಗಳೂ, ಬೇಸಗೆಗಾಗಿ ತುಂಬಿಟ್ಟ ಮುಚ್ಚಳವಿಲ್ಲದ ತೊಟ್ಟಿ, ಡ್ರಮ್ಮುಗಳೂ ಸೊಳ್ಳೆಗೆ ತವರುಮನೆ.

ಈಚಿನ ವರ್ಷಗಳಲ್ಲಿ ಕರ್ನಾಟಕದಲ್ಲಿ ಈ ರೋಗವು ಬಹಳ ಇಳಿದಿದೆ. 2030ರೊಳಗೆ ಅದನ್ನು ದೇಶದಿಂದಲೇ ತೊಲಗಿಸಬೇಕೆಂದು ಸರಕಾರವು ಗುರಿಯಿಟ್ಟಿದೆ. ಆದರೆ ಅಪರೂಪವಾದ ರೋಗವನ್ನು ಜನರು ಮರೆಯುವರು, ಮರೆತಲ್ಲಿಯೇ ಅಪಾಯ. ನಮ್ಮ ಜಿಲ್ಲೆಯಿಂದ ಕಟ್ಟಡದ ಕೆಲಸಕ್ಕೆಂದು ಮಂಗಳೂರು ಮೊದಲಾದ ಊರುಗಳಿಗೆ ಗುಳೆ ಹೋಗುವ ಕುಟುಂಬಗಳುಂಟು. ಮಂಗಳೂರು 1990ರ ದಶಕದಿಂದ ಬಹುಕಾಲ ಮಲೇರಿಯಾಕ್ಕೆ ಹೆಸರಾಗಿತ್ತು. ಪರಸ್ಥಳದಲ್ಲಿ ಸೊಳ್ಳೆ ಕಚ್ಚಿದುದರ ಫಲವು ಒಂದೆರಡು ವಾರಗಳ ಮೇಲೆ, ಊರಿಗೆ ಮರಳಿದಾಗ ಕಾಣಬಹುದು. ಆದಕಾರಣ ಎಲ್ಲಿಗೆ ಹೋಗಿಬಂದೆವೆಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸತಕ್ಕದ್ದು.

ಮೆದುಳಿನಲ್ಲಿ ಆಗುವುದೇನು?

ನಮ್ಮ ದೇಶದಲ್ಲಿ ಈ ಜ್ವರವನ್ನು ತರುವ ಜೀವಿಗಳಲ್ಲಿ ಮುಖ್ಯವಾದವು ಎರಡು: ವೈವ್ಯಾಕ್ಸ್ ಮತ್ತು ಫಾಲ್ಸಿಪ್ಯಾರಂ. ಮೆದುಳಿಗೆ ಕೇಡು ತರುವುದು ಬಹುಮಟ್ಟಿಗೆ ಎರಡನೆಯದು. ಅದು ಹೊಕ್ಕ ಕೆಂಪು ರಕ್ತಕಣಗಳು ಅಂಟಂಟಾಗಿ, ಮೆದುಳಿನ ಅತಿಸೂಕ್ಷ್ಮವಾದ ರಕ್ತನಾಳಗಳ ಒಳಗೋಡೆಗೆ ಹತ್ತಿಕೊಳ್ಳುತ್ತವೆ. ಹೂಳು ತುಂಬಿದ ಕಾಲುವೆಯ ನೀರು ಕಡೆಯ ಗದ್ದೆಯನ್ನು ಮುಟ್ಟದಂತೆ, ರಕ್ತವು ಮೆದುಳಿನ ಭಾಗಗಳನ್ನು ಸರಿಯಾಗಿ ಮುಟ್ಟದೆ ಹೋಗುತ್ತದೆ. ಮೆದುಳು ಬಾತುಕೊಳ್ಳಬಹುದು, ರಕ್ತದಲ್ಲಿನ ಸಕ್ಕರೆಯ ಅಂಶವೂ ಕುಸಿಯಬಹುದು.

ಇದರ ಗುರುತುಗಳಾವುವೆಂದರೆ: ಜ್ವರದೊಡನೆ ತೀವ್ರವಾದ ತಲೆನೋವು, ನಿಲ್ಲದ ವಾಂತಿ, ಎಬ್ಬಿಸಿದರೂ ಬಿಡದ ಮಂಪರು, ಅಸಂಬದ್ಧವಾದ ಮಾತು, ಮನೆಯವರ ಗುರುತು ತಪ್ಪುವುದು, ಸೆಳವು, ಕಡೆಗೆ ಪೂರ್ಣವಾಗಿ ಎಚ್ಚರ ತಪ್ಪುವುದು. ಮಕ್ಕಳಲ್ಲಿ ಸೆಳವು ಹೆಚ್ಚು.

ಇಂಥ ಮಗುವಿಗೆ ಗಾಳಿ ಸೋಕಿತೆಂದು ತಾಯಿತ ಕಟ್ಟಿಸಲು ಹೋಗುವವರು ಇಂದಿಗೂ ಉಂಟು. ಅಷ್ಟರಲ್ಲಿ ಅಮೂಲ್ಯವಾದ ವೇಳೆ ಕಳೆದುಹೋಗುತ್ತದೆ. ಚಿಕಿತ್ಸೆ ದೊರೆತಾಗಲೂ ಮೆದುಳಿನ ಮಲೇರಿಯಾದಿಂದ ನೂರಕ್ಕೆ 15ರಿಂದ 20 ಮಂದಿ ಸಾಯಬಹುದೆಂದ ಮೇಲೆ, ಚಿಕಿತ್ಸೆಯೇ ಇಲ್ಲದಿದ್ದರೆ ಹೇಳತಕ್ಕದ್ದೇನು!

ಮಾಡತಕ್ಕದ್ದು

ಎಚ್ಚರ ತಪ್ಪಿದ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಬೇಕು. ಬಾಯಿಗೆ ನೀರು, ಔಷಧ, ಚಮಚ ಯಾವುದನ್ನೂ ಹಾಕಕೂಡದು. ಕೂಡಲೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ಆರ್ಟಿಸುನೇಟ್ ಎಂಬ ಚುಚ್ಚುಮದ್ದನ್ನು ಕೊಡುವರು. ಚೀನಾ ದೇಶದ ಒಂದು ಗಿಡದಿಂದ ಇದರ ಮೂಲದ್ರವ್ಯವನ್ನು ಶೋಧಿಸಿದ ತು ಯೂಯೂ ಎಂಬ ಮಹಿಳೆಗೆ 2015ರಲ್ಲಿ ನೊಬೆಲ್ ಬಹುಮಾನವು ದೊರೆಯಿತು. ನಮ್ಮ ಹೆಣ್ಣುಮಕ್ಕಳು ಈ ಹೆಸರನ್ನು ನೆನಪಿಡಲಿ. ಹಿಂದಿನ ಕ್ವಿನೈನಿಗಿಂತ ಈ ಔಷಧದಿಂದ ಹೆಚ್ಚು ಮಕ್ಕಳು ಉಳಿಯುವರೆಂಬುದು ಆಫ್ರಿಕಾ ಖಂಡದಲ್ಲಿ ನಡೆದು 2010ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಿಂದ ಸ್ಥಿರಪಟ್ಟಿದೆ.

ಮೆದುಳಿಗೇರುವ ಜ್ವರವೆಲ್ಲ ಮಲೇರಿಯಾ ಅಲ್ಲ. ಬತ್ತದ ಗದ್ದೆಗಳಲ್ಲಿ ಹುಟ್ಟುವ ಬೇರೊಂದು ಸೊಳ್ಳೆಯಿಂದ ಜಪಾನೀಸ್ ಮೆದುಳು ಜ್ವರವು ಬರುವುದುಂಟು, ಅದಕ್ಕೆ ಲಸಿಕೆಯಿದೆ. ಆದುದರಿಂದ ವೈದ್ಯರು ರಕ್ತವನ್ನೂ, ಬೆನ್ನುಹುರಿಯ ಸುತ್ತಲಿನ ನೀರನ್ನೂ ಪರೀಕ್ಷಿಸಬೇಕೆಂದರೆ ಹೆದರಿ ತಡೆಯಬಾರದು.

ಗುಣವಾದ ಮೇಲೆ

ಬದುಕಿ ಬಂದ ಮಕ್ಕಳಲ್ಲಿ ಹೆಚ್ಚಿನವರು ಪೂರ್ಣವಾಗಿ ಚೇತರಿಸಿಕೊಳ್ಳುವರು. ಆದರೆ ಎಲ್ಲರೂ ಅಲ್ಲ. ಕೆಲವರಿಗೆ ಮೂರ್ಛೆರೋಗ, ಕೆಲವರಿಗೆ ಕೈಕಾಲಿನ ಬಲಹೀನತೆ, ಮಾತಿನ ತೊಡಕು ಉಳಿಯುತ್ತವೆ. ಕಣ್ಣಿಗೆ ಕಾಣದ ಊನವೂ ಒಂದುಂಟು: ಉಗಾಂಡ ದೇಶದ ಮಕ್ಕಳನ್ನು ಎರಡು ವರ್ಷಗಳ ತರುವಾಯ ಪರೀಕ್ಷಿಸಿದಾಗ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಜ್ಞಾಪಕ, ಗಮನ, ಕಲಿಕೆಗಳಲ್ಲಿ ಕೊರತೆಯಿದ್ದುದು ಕಂಡುಬಂದಿತು.

ಇಲ್ಲಿ ಪಾಠಶಾಲೆಯ ಕರ್ತವ್ಯವು ಮೊದಲಾಗುತ್ತದೆ. ಹಿಂದೆ ಚುರುಕಾಗಿದ್ದ ಹುಡುಗಿಯು ಜ್ವರದ ತರುವಾಯ ಮಗ್ಗಿಯನ್ನು ಮರೆತರೆ, ಬರೆಯುವಾಗ ತಡವರಿಸಿದರೆ, ಅದನ್ನು ಸೋಮಾರಿತನವೆಂದು ಎಣಿಸಿ ದಂಡಿಸುವುದು ಅನ್ಯಾಯ. ಹೆಣ್ಣುಮಗುವಾದರೆ ‘ಇನ್ನು ಓದಿ ಏನಾಗಬೇಕು’ ಎಂದು ಶಾಲೆ ಬಿಡಿಸುವುದು ಅದಕ್ಕಿಂತ ದೊಡ್ಡ ಅನ್ಯಾಯ. ಪೋಷಕರು ಕಾಯಿಲೆಯ ಸಂಗತಿಯನ್ನು ಮುಚ್ಚಿಡದೆ ಉಪಾಧ್ಯಾಯಿನಿಯರಿಗೆ ಹೇಳಬೇಕು. ಮುಂದಿನ ಬೆಂಚಿನಲ್ಲಿ ಜಾಗ, ಸಣ್ಣ ಸಣ್ಣ ಪಾಠ, ಹೆಚ್ಚಿನ ಕಾಲಾವಕಾಶ, ತಾಳ್ಮೆ: ಇಷ್ಟನ್ನು ನಾವು ಕೊಡಬಲ್ಲೆವು. ತಿಂಗಳು ಕಳೆದಂತೆ ಬಹುಮಂದಿ ಮಕ್ಕಳಲ್ಲಿ ಸುಧಾರಣೆ ಕಾಣುವುದು.

ಸೀಮೋನ ಪೇತ್ರನ ಅತ್ತೆಯು ಜ್ವರದಿಂದ ಮಲಗಿದ್ದಾಗ ಮನೆಯವರು ತಡಮಾಡದೆ ಕರ್ತನಿಗೆ ತಿಳಿಸಿದರೆಂದು ಮಾರ್ಕನ ಸುವಾರ್ತೆಯಲ್ಲಿ ಓದುತ್ತೇವೆ. ತಡಮಾಡದಿರುವುದೇ ನಮಗೂ ಪಾಠ. ಜ್ವರ ಬಂದ ದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಾಗಲಿ ಆಶಾ ಕಾರ್ಯಕರ್ತೆಯ ಮೂಲಕವಾಗಲಿ ರಕ್ತಪರೀಕ್ಷೆ ಮಾಡಿಸಿರಿ. ಸರಕಾರದ ಕೇಂದ್ರಗಳಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ. ಜ್ವರ ಬಿಟ್ಟಿತೆಂದು ಮಾತ್ರೆಗಳನ್ನು ನಡುವೆ ನಿಲ್ಲಿಸದಿರಿ. ವಾರಕ್ಕೊಮ್ಮೆ ತೊಟ್ಟಿಗಳನ್ನು ಬರಿದುಮಾಡಿ ಒಣಗಿಸಿರಿ. ಮಕ್ಕಳನ್ನು ಸೊಳ್ಳೆಪರದೆಯೊಳಗೆ ಮಲಗಿಸಿರಿ. ಈ ಸಣ್ಣ ಕೆಲಸಗಳಿಂದ ಒಂದು ಮಗುವಿನ ಪ್ರಾಣವೂ ಬುದ್ಧಿಯೂ ಉಳಿದೀತು.