ಸಬ್‌ವೂಫರ್ ಗುಂಯ್‌ಗುಟ್ಟಿದಾಗ

ತಗ್ಗು ಸ್ಥಾಯಿಯ ಸದ್ದನ್ನಷ್ಟೇ ಹೊಮ್ಮಿಸುವ ಸಬ್‌ವೂಫರ್ ಹಾಡು ನಿಂತ ಮೇಲೂ ಗುಂಯ್‌ಗುಟ್ಟುತ್ತಿದ್ದರೆ, ದುರಸ್ತಿಗೆ ಹೊತ್ತೊಯ್ಯುವ ಮುನ್ನ ಸ್ವಿಚ್ ಆರಿಸಿ, ಅದಕ್ಕೆ ಬರುವ ಆಡಿಯೋ ಕೇಬಲ್ಲನ್ನು ಕಳಚಿ, ಮತ್ತೆ ಸ್ವಿಚ್ ಹಾಕಿ ನೋಡುವುದು ಒಳಿತು. ಆಗಲೂ ಸದ್ದು ಉಳಿದರೆ ದೋಷವು ಪೆಟ್ಟಿಗೆಯೊಳಗೇ ಇರುವ ಸಂಭವ ಹೆಚ್ಚು. ನಿಂತರೆ ಕೇಬಲ್ಲನ್ನೋ ‘ಗ್ರೌಂಡ್ ಲೂಪ್’ ಅನ್ನೋ ಶಂಕಿಸಬೇಕು. ಒಂದಕ್ಕೊಂದು ಜೋಡಿಸಿದ ಉಪಕರಣಗಳು ಬೇರೆಬೇರೆ ಕಡೆ ಭೂಸಂಪರ್ಕ ಪಡೆದಾಗ, ಆ ನೆಲೆಗಳ ನಡುವಿನ ಅಲ್ಪ ವಿಭವಾಂತರದಿಂದ ಕೇಬಲ್ಲಿನ ಹೊರಕವಚದಲ್ಲಿ ವಿದ್ಯುತ್ ಹರಿದು, ಭಾರತದ ಮನೆಗಳಿಗೆ ಬರುವ 50 ಹರ್ಟ್ಸ್ ಪೂರೈಕೆಯ ಕಂಪನವೇ ಸದ್ದಾಗಿ ಕೇಳಿಸುವ ಸ್ಥಿತಿಗೆ ಈ ಹೆಸರು. ಎಲ್ಲ ಉಪಕರಣಗಳನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಜೋಡಿಸಿ, ಕೇಬಲ್ ಟಿವಿಯ ತಂತಿಯನ್ನು ಒಮ್ಮೆ ಬಿಡಿಸಿ ನೋಡಿದರೆ ಅನೇಕ ವೇಳೆ ಗುಟ್ಟು ಬಯಲಾಗುತ್ತದೆ. ಪ್ಲಗ್ಗಿನ ದಪ್ಪನೆಯ ಅರ್ತ್ ಪಿನ್ನನ್ನು ಮುರಿದು ಸದ್ದಡಗಿಸುವ ಜಾಣತನ ಮಾತ್ರ ಜೀವಕ್ಕೇ ಅಪಾಯ. ಹಾಡಿನ ಜೊತೆಗಷ್ಟೇ ಬರುವ ಗಡಗಡ ಸದ್ದಿಗಾದರೋ, ಪಾಪ, ಸಬ್‌ವೂಫರಿಗಿಂತ ಪಕ್ಕದ ಷೋಕೇಸಿನ ಸಡಿಲ ಗಾಜೇ ಹೊಣೆಯಾಗಿರಬಹುದು.